‘ಲೆವೆಲ್ 3 ಚೈಲ್ಡ್‌ಕೇರ್’ ಅಂತ ದುಡ್ಡು ಕಟ್ಟುವ ಮುಂಚೆ ಒಂದು ನಂಬರ್ ಕೇಳಿ

ಇಂಗ್ಲೆಂಡಿನಲ್ಲಿ ಹೆಲ್ತ್, ಸೋಷಿಯಲ್ ಕೇರ್, ಚೈಲ್ಡ್‌ಕೇರ್ ಕೋರ್ಸ್ ಹುಡುಕುತ್ತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಗಂಡನ ವೀಸಾ ಮೇಲೆ ಡಿಪೆಂಡೆಂಟ್ ಆಗಿ ಬಂದು, ಮಗು ಸ್ಕೂಲಿಗೆ ಹೋಗತೊಡಗಿದ ಮೇಲೆ ‘ನರ್ಸರಿಯಲ್ಲೋ ಕೇರ್ ಹೋಮಲ್ಲೋ ಕೆಲಸ ಸಿಗುತ್ತಂತೆ, ಒಂದು ಸರ್ಟಿಫಿಕೇಟ್ ಇದ್ದರೆ ಸಾಕಂತೆ’ ಎಂಬ ಮಾತು ಕಿವಿಗೆ ಬಿದ್ದವರಿಗೆ. ನಾನು ಸೇರಿದ ಸಂಸ್ಥೆಯ ಹೆಸರು ಹಾಕುವುದಿಲ್ಲ. ಅದರ ಬೋರ್ಡಿನಲ್ಲಿ ‘ಕಾಲೇಜ್’ ಎಂದಿತ್ತು, ಇದ್ದದ್ದು ಒಂದು ಅಂಗಡಿಯ ಮೇಲಿನ ಎರಡು ಕೋಣೆ. ಅದನ್ನು ಮುಚ್ಚಿದರೆ ಇನ್ನೊಂದು ಹೆಸರಲ್ಲಿ ತೆರೆಯುತ್ತಾರೆ. ಹಾಗಾಗಿ ಹೆಸರಿಗಿಂತ ಲಕ್ಷಣ ಗೊತ್ತಿರುವುದು ಮುಖ್ಯ.

ಇಂಥವರಿಗೆ ಗಿರಾಕಿ ಸಿಗುವುದಕ್ಕೆ ಕಾರಣವಿದೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಫರ್ದರ್ ಎಜುಕೇಷನ್ (ಶಾಲೆ ಮುಗಿದ ಮೇಲೆ ಕಸುಬಿನ ಕೋರ್ಸ್ ಕಲಿಸುವ) ಕಾಲೇಜಿನಲ್ಲಿ ವಯಸ್ಕರಿಗೆ ಶುಲ್ಕ ರಿಯಾಯಿತಿ ಸಿಗಬೇಕಾದರೆ ಸಾಮಾನ್ಯವಾಗಿ 3 ವರ್ಷ ಇಲ್ಲೇ ವಾಸ ಇದ್ದಿರಬೇಕು. ದೊಡ್ಡ ಕೋರ್ಸುಗಳು ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ ಮಾತ್ರ ಶುರು. ಬಂದು ಒಂದೇ ವರ್ಷವಾದವರಿಗೆ, ಫೆಬ್ರವರಿಯಲ್ಲಿ ಹುಡುಕುವವರಿಗೆ ‘ಮುಂದಿನ ವಾರವೇ ಸೇರಿ, ಕಂತಿನಲ್ಲಿ ಕಟ್ಟಿ’ ಎನ್ನುವವರು ದೇವರ ಹಾಗೆ ಕಾಣುತ್ತಾರೆ.

ನಮಗೆ ಹೇಳಿದ್ದಿಷ್ಟು. ಇದು ಲೆವೆಲ್ 3 (ಇಲ್ಲಿಯ ಎ-ಲೆವೆಲ್, ಅಂದರೆ ನಮ್ಮ ಪಿಯುಸಿ ಮಟ್ಟದ) ಡಿಪ್ಲೊಮಾ. ಪ್ಲೇಸ್‌ಮೆಂಟ್ ಗ್ಯಾರಂಟಿ. ಡಿಬಿಎಸ್ (ಅಪರಾಧ ಹಿನ್ನೆಲೆಯ ತಪಾಸಣೆ) ನಾವೇ ಮಾಡಿಸುತ್ತೇವೆ. ಫಸ್ಟ್ ಏಡ್, ಕೇರ್ ಸರ್ಟಿಫಿಕೇಟ್ ಎರಡೂ ಫ್ರೀ. ಮುಂದೆ ನರ್ಸಿಂಗ್ ಡಿಗ್ರಿಗೂ ದಾರಿ. ಒಂದೊಂದನ್ನೂ ಹೇಳಿ ಎಷ್ಟು ಚೆನ್ನಾಗಿ ಮೂಗಿಗೆ ತುಪ್ಪ ಸವರಿದರು ಎಂದರೆ, ಊರಲ್ಲಿ ಹತ್ತು ವರ್ಷ ಟೀಚರ್ ಆಗಿದ್ದವರೂ ನಂಬಿ ನನ್ನ ಬ್ಯಾಚಿಗೆ ಸೇರಿದ್ದರು.

ಕ್ಲಾಸ್ ಎಂದರೆ ಸ್ಲೈಡ್ ಓದುವುದು. ಅಸೈನ್‌ಮೆಂಟ್ ಹಾಕಿದ ಸಂಜೆಯೇ ‘ಪಾಸ್, ವೆಲ್ ಡನ್’. ಒಬ್ಬಾಕೆ ಸೇಫ್‌ಗಾರ್ಡಿಂಗ್ ಯೂನಿಟ್‌ಗೆ ಕೈತಪ್ಪಿ ಪೌಷ್ಟಿಕ ಆಹಾರದ ಉತ್ತರ ಅಪ್‌ಲೋಡ್ ಮಾಡಿದ್ದರು, ಅದಕ್ಕೂ ಪಾಸ್. ಮಗುವಿನ ಮೈಮೇಲೆ ಬಾಸುಂಡೆ ಕಂಡರೆ ಯಾರಿಗೆ ಹೇಳಬೇಕು, ಏನು ಬರೆದಿಡಬೇಕು ಎಂಬುದನ್ನು ಕಲಿಸುವ ಯೂನಿಟ್ ಅದು! ನಾವೆಲ್ಲ ಅವತ್ತು ನಕ್ಕೆವು. ಈಗ ನಗು ಬರುವುದಿಲ್ಲ.

ಪ್ಲೇಸ್‌ಮೆಂಟ್ ಸಮಯ ಬಂದಾಗ ರಾಗ ಬದಲಾಯಿತು. ‘ಹತ್ತಿರದ ನರ್ಸರಿಗಳಲ್ಲಿ ನೀವೇ ವಿಚಾರಿಸಿ, ನಾವು ಲೆಟರ್ ಕೊಡುತ್ತೇವೆ’ ಎಂದರು. ಆ ಲೆಟರ್ ಹಿಡಿದು ಹೋದ ಒಂದು ನರ್ಸರಿಯ ಮ್ಯಾನೇಜರ್ ಕೇಳಿದ್ದು ಎರಡೇ ಪ್ರಶ್ನೆ: ಕ್ವಾಲಿಫಿಕೇಷನ್ ನಂಬರ್ ಏನು? ನೀವು ಮಕ್ಕಳ ಜೊತೆ ಕೆಲಸ ಮಾಡುವುದನ್ನು ನೋಡಿ ಅಳೆಯಲು ಅಸೆಸರ್ ಯಾರು ಬರುತ್ತಾರೆ? ಎರಡಕ್ಕೂ ಉತ್ತರ ಇರಲಿಲ್ಲ. ಪುಣ್ಯಾತ್ಗಿತ್ತಿ, ಬಾಗಿಲಿಂದಲೇ ಕಳಿಸದೆ ಕೂರಿಸಿ ವಿವರಿಸಿದರು. ಕಾಲೇಜಿನವರು ಅಷ್ಟು ತಿಂಗಳಲ್ಲಿ ಹೇಳದ್ದು ಅಲ್ಲಿ ಅರ್ಧ ಗಂಟೆಯಲ್ಲಿ ತಿಳಿಯಿತು.

ನರ್ಸರಿ ನಡೆಯುವುದೇ ರೇಷಿಯೋ ಲೆಕ್ಕದ ಮೇಲೆ. 2 ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು, 2 ವರ್ಷದ ಮಕ್ಕಳಾದರೆ 5ಕ್ಕೆ ಒಬ್ಬರು, 3 ದಾಟಿದವರಾದರೆ ಸಾಮಾನ್ಯವಾಗಿ 8ಕ್ಕೆ ಒಬ್ಬರು. ಪ್ರತಿ ವಯಸ್ಸಿನ ಗುಂಪಿನಲ್ಲೂ ಕನಿಷ್ಠ ಒಬ್ಬರು ಲೆವೆಲ್ 3 ಇರಬೇಕು, ಉಳಿದವರಲ್ಲಿ ಅರ್ಧದಷ್ಟು ಜನ ಲೆವೆಲ್ 2 ಆದರೂ ಇರಬೇಕು. ಸರ್ಕಾರಿ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್‌ನವರು ಬಂದಾಗ ಈ ಲೆಕ್ಕ ತಪ್ಪಿದರೆ ಮ್ಯಾನೇಜರ್ ತಲೆಗೇ ಬರುತ್ತದೆ. ಯಾವ ಕೋರ್ಸನ್ನು ಲೆವೆಲ್ 3 ಎಂದು ಲೆಕ್ಕಕ್ಕೆ ಹಿಡಿಯಬಹುದು ಎಂಬ ಪಟ್ಟಿಯನ್ನು ಇಟ್ಟಿರುವುದು ಶಿಕ್ಷಣ ಇಲಾಖೆ. ಯಾರು ಬೇಕಾದರೂ ಸರ್ಕಾರದ ವೆಬ್‌ಸೈಟ್‌ನಲ್ಲಿ ನೋಡಬಹುದು. ನಮ್ಮ ಡಿಪ್ಲೊಮಾ ಅದರಲ್ಲಿ ಇರಲಿಲ್ಲ. ಪರೀಕ್ಷೆ, ಕ್ವಾಲಿಫಿಕೇಷನ್‌ಗಳ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್‌ನ ರಿಜಿಸ್ಟರ್‌ನಲ್ಲೂ ಇರಲಿಲ್ಲ. ಸರ್ಟಿಫಿಕೇಟ್ ಮೇಲಿದ್ದದ್ದು ‘ಸಿಪಿಡಿ ಅಕ್ರೆಡಿಟೆಡ್’ ಮುದ್ರೆ. ಅದು ಈಗಾಗಲೇ ಕೆಲಸದಲ್ಲಿರುವವರ ಚಿಕ್ಕಪುಟ್ಟ ತರಬೇತಿಗೆ ಹಾಕುವ ಮುದ್ರೆ, ಅದರಿಂದ ಲೆವೆಲ್ ಬರುವುದಿಲ್ಲ. ಅಂದರೆ ಇದನ್ನು ಹಿಡಿದು ಯಾವ ನರ್ಸರಿಗೆ ಹೋದರೂ ನಾನು ಕ್ವಾಲಿಫಿಕೇಷನ್ ಇಲ್ಲದವರ ಸಾಲಿಗೇ.

ಆಫ್‌ಕ್ವಾಲ್ ಒಪ್ಪಿದ ಪ್ರತಿ ಕೋರ್ಸಿಗೂ ಒಂದು ನಂಬರ್ ಇರುತ್ತದೆ: ಮೂರು ಅಂಕಿ, ಓರೆಗೆರೆ, ನಾಲ್ಕು ಅಂಕಿ, ಓರೆಗೆರೆ, ಕೊನೆಗೆ ಒಂದು ಅಂಕಿ ಅಥವಾ ಅಕ್ಷರ. ಅದನ್ನು ಕೇಳಿದ ಕೂಡಲೇ ಬರೆದು ಕೊಡದೆ ‘ನಮ್ಮದು ಲೆವೆಲ್ 3ಕ್ಕೆ ಸಮಾನ’ ಎಂದು ಹಾರಿಕೆ ಉತ್ತರ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಕೊಟ್ಟರೂ ನೀವೇ ರಿಜಿಸ್ಟರ್‌ನಲ್ಲಿ ಹಾಕಿ ನೋಡಿ, ಕೋರ್ಸಿನ ಪೂರ್ತಿ ಹೆಸರು ತಾಳೆಯಾಗಬೇಕು. ಇನ್ನೊಬ್ಬರ ನಂಬರ್ ತಮ್ಮ ಬ್ರೋಷರ್‌ಗೆ ಹಾಕಿಕೊಳ್ಳುವುದು ಏನು ಮಹಾ ಕಷ್ಟ?

ಉಳಿದ ಭರವಸೆಗಳ ಕಥೆಯೂ ಇದೇ. ಡಿಬಿಎಸ್ ಎಂದು ಬೇರೆ ದುಡ್ಡು ತೆಗೆದುಕೊಂಡು ಮಾಡಿಸಿದ್ದು ಬೇಸಿಕ್. ಅದಕ್ಕೆ ಯಾರು ಬೇಕಾದರೂ ತಾವೇ ಅರ್ಜಿ ಹಾಕಬಹುದು. ಮಕ್ಕಳ ಜೊತೆ ಕೆಲಸಕ್ಕೆ ಬೇಕಾದ್ದು ಎನ್‌ಹಾನ್ಸ್‌ಡ್, ಅದನ್ನು ಕೆಲಸವನ್ನೋ ಪ್ಲೇಸ್‌ಮೆಂಟನ್ನೋ ಕೊಡುವ ಸಂಸ್ಥೆ ಕೇಳಿ ಮಾಡಿಸಬೇಕು. ಪೀಡಿಯಾಟ್ರಿಕ್ ಫಸ್ಟ್ ಏಡ್ ಎಂದು ನಮಗೆ ತೋರಿಸಿದ್ದು ಒಂದು ವಿಡಿಯೊ. ನಿಜವಾದ ಪೂರ್ತಿ ಕೋರ್ಸ್ ಕನಿಷ್ಠ 12 ಗಂಟೆಯದು, 3 ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಉಸಿರುಗಟ್ಟಿದ ಮಗುವಿನ ಬೆನ್ನು ತಟ್ಟುವುದನ್ನು ಗೊಂಬೆಯ ಮೇಲೆ ಕೈಯಾರೆ ಮಾಡದೆ ಕಲಿಯುವುದು ಹೇಗೆ?

ಕೇರ್ ಸರ್ಟಿಫಿಕೇಟ್ ವಿಷಯದಲ್ಲಂತೂ ಬಹಳ ಜನ ಮೋಸ ಹೋಗುತ್ತಿದ್ದಾರೆ. 2015ರಲ್ಲಿ ಶುರುವಾದ ಇದು ಹೊಸದಾಗಿ ಕೇರ್ ಕೆಲಸಕ್ಕೆ ಸೇರಿದವರಿಗೆ ಕೊಡುವ ಆರಂಭಿಕ ತರಬೇತಿ. ವರ್ಕ್‌ಬುಕ್ ತುಂಬಿದರೆ ಮುಗಿಯುವುದಿಲ್ಲ. ನೀವು ಒಬ್ಬರನ್ನು ಹಾಸಿಗೆಯಿಂದ ಎಬ್ಬಿಸುವುದು, ಊಟ ಮಾಡಿಸುವುದನ್ನು ಕೆಲಸದ ಜಾಗದಲ್ಲೇ ನೋಡಿ, ಕೊನೆಗೆ ಕೆಲಸ ಕೊಟ್ಟವರು ಸಹಿ ಹಾಕಬೇಕು. ಆನ್‌ಲೈನಲ್ಲಿ ಒಂದೇ ದಿನದಲ್ಲಿ ಸಿಗುವ ಕೇರ್ ಸರ್ಟಿಫಿಕೇಟನ್ನು ಕೇರ್ ಹೋಮಿನವರು ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿಸುತ್ತಾರೆ.

ನರ್ಸಿಂಗ್‌ಗೆ ಹೋಗುವ ಆಸೆ ಇರುವವರು ಕೇಳಬೇಕಾದ್ದು ಆಕ್ಸೆಸ್ ಟು ಹೈಯರ್ ಎಜುಕೇಷನ್ ಡಿಪ್ಲೊಮಾ. 60 ಕ್ರೆಡಿಟ್‌ನದು, ಬಹಳಷ್ಟು ಯೂನಿವರ್ಸಿಟಿಗಳು ಒಪ್ಪುತ್ತವೆ. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ವಿಚಾರಿಸಿ.

ದುಡ್ಡಿನ ವಿಷಯ. ಆನ್‌ಲೈನಲ್ಲಿ ಸೇರಿದ ಕೋರ್ಸಿನಿಂದ 14 ದಿನದೊಳಗೆ ಹಿಂದೆ ಸರಿಯುವ ಹಕ್ಕು ಸಾಮಾನ್ಯವಾಗಿ ಇರುತ್ತದೆ. ನಮ್ಮಲ್ಲಿ ಮೊದಲ ಎರಡು ವಾರ ‘ಇಂಡಕ್ಷನ್’ ಎಂದು ಕಳೆದದ್ದು ಏಕೆಂದು ಈಗ ಅರ್ಥವಾಗುತ್ತದೆ. ನಾನು ರಿಜಿಸ್ಟ್ರೇಷನ್ ಕಂತನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದೆ, ಉಳಿದದ್ದು ಬ್ಯಾಂಕ್ ಟ್ರಾನ್ಸ್‌ಫರ್. 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯಿದೆಯ ಸೆಕ್ಷನ್ 75ರ ಪ್ರಕಾರ, 100 ಪೌಂಡಿಗಿಂತ ಹೆಚ್ಚಿನ, 30,000 ಪೌಂಡಿನೊಳಗಿನ ಖರೀದಿಗೆ ಒಂದು ಭಾಗವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೂ ಪೂರ್ತಿ ಮೊತ್ತಕ್ಕೆ ಕಾರ್ಡ್ ಕಂಪನಿಯನ್ನು ಕೇಳಬಹುದು. ‘ಪ್ಲೇಸ್‌ಮೆಂಟ್ ಗ್ಯಾರಂಟಿ’ ಎಂದಿದ್ದ ಜಾಹೀರಾತಿನ ಸ್ಕ್ರೀನ್‌ಶಾಟ್ ನನ್ನ ಬಳಿ ಇದ್ದದ್ದರಿಂದ ಕೆಲಸವಾಯಿತು. ಆ ಜಾಹೀರಾತು ಈಗ ‘ಪ್ಲೇಸ್‌ಮೆಂಟ್ ಸಪೋರ್ಟ್’ ಆಗಿದೆ. ಎಲ್ಲವನ್ನೂ ಟ್ರಾನ್ಸ್‌ಫರ್ ಮಾಡಿದ ಗೆಳತಿಗೆ ಇದುವರೆಗೆ ಒಂದು ಪೆನ್ನಿಯೂ ವಾಪಸ್ ಬಂದಿಲ್ಲ. ‘ಟ್ರಾನ್ಸ್‌ಫರ್ ಮಾಡಿದರೆ ಡಿಸ್ಕೌಂಟ್’ ಎಂದು ಯಾರಾದರೂ ಹೇಳಿದರೆ ಆ ಡಿಸ್ಕೌಂಟ್ ಯಾತಕ್ಕೆ ಎಂದು ಯೋಚಿಸಿ.

ಆಫ್‌ಕ್ವಾಲ್‌ಗೆ ದೂರು ಬರೆದು ಪ್ರಯೋಜನವಿಲ್ಲ, ಅದರ ರಿಜಿಸ್ಟರ್‌ನಲ್ಲೇ ಇಲ್ಲದ ಕೋರ್ಸ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಉಚಿತ ಸಲಹೆ ಕೊಡುವ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ, ಅವರು ವಿಷಯವನ್ನು ವ್ಯಾಪಾರದ ಮೋಸಗಳನ್ನು ನೋಡಿಕೊಳ್ಳುವ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ತಲುಪಿಸುತ್ತಾರೆ. ನಮ್ಮ ಬ್ಯಾಚಿನ ಕೆಲವರು ಈಗಾಗಲೇ ಮಾಡಿದ್ದೇವೆ.