ಸ್ಪ್ರಿಂಗೋ, ಕಾಯಿಲ್‌ಓವರೋ, ಬರೀ ಶಾಕ್ ಅಬ್ಸಾರ್ಬರೋ: ದಾವಣಗೆರೆಯ ರಸ್ತೆಗಳಲ್ಲಿ ಮಾಡಿ ನೋಡಿದ ಹೋಲಿಕೆ

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರು ನಮ್ಮ ದೇಶದಲ್ಲಿ 2013ರಲ್ಲಿ ಮಾರಾಟಕ್ಕೆ ಬಂದಿತು. 1,197 ಸಿಸಿಯ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ತಾನಾಗಿ ಬದಲಾಗುವ ಏಳು ಗೇರುಗಳ ಡಿಎಸ್‌ಜಿ ಗೇರ್‌ಬಾಕ್ಸ್ ಇರುವ ಈ ಕಾರನ್ನು ಶಾಸ್ತ್ರೋಕ್ತವಾಗಿ ಸ್ಪೋರ್ಟ್ಸ್ ಕಾರು ಎನ್ನಲಾಗದು. ಆದರೆ ಹಗುರವಾದ ಮೈ ಮತ್ತು ಕಡಿಮೆ ವೇಗದಲ್ಲಿಯೇ ಎದ್ದು ಬರುವ ಟಾರ್ಕಿನಿಂದಾಗಿ, ಸಾಮಾನ್ಯ ಸಂಬಳದವರಿಗೂ ಸ್ಪೋರ್ಟ್ಸ್ ಕಾರಿನ ಸುಖವನ್ನು ಕೈಗೆಟುಕಿಸಿದ ಗಾಡಿ ಇದು. ಭಾರತದಲ್ಲಿ ಪೋಲೊ ತಯಾರಿಕೆ 2022ರಲ್ಲಿ ನಿಂತುಹೋದ ಮೇಲೆ, ಕೈಯಲ್ಲಿರುವುದನ್ನೇ ಚೆನ್ನಾಗಿ ಇಟ್ಟುಕೊಂಡು, ಸಾಧ್ಯವಾದಷ್ಟು ಉತ್ತಮಪಡಿಸಿಕೊಳ್ಳಬೇಕೆಂಬ ಆಸೆ ನಮ್ಮಂಥ ಮಾಲೀಕರಲ್ಲಿ ಬಲವಾಗಿದೆ.

ಕೆಎ 17 ಮತ್ತು ಕೆಎ 16 ನಂಬರಿನ ಇಂಥ ಗಾಡಿಗಳ ಮಾಲೀಕರು ನಾವು ಕೆಲವರು ಒಂದಾಗಿದ್ದೇವೆ. ಒಬ್ಬರು ದಾವಣಗೆರೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ, ಒಬ್ಬರು ದಂತವೈದ್ಯೆ, ಇನ್ನೊಬ್ಬರು ಚಿತ್ರದುರ್ಗದಲ್ಲಿ ಕಾಲೇಜು ಮೇಷ್ಟ್ರು. ಅಕಸ್ಮಾತ್ತಾಗಿ ಒಬ್ಬೊಬ್ಬರೂ ಕಾರಿನ ಸಸ್ಪೆನ್ಷನ್ (ಹೊಂಡ, ಹಂಪಿನ ಪೆಟ್ಟು ತಾಳುವ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಜೋಡಣೆ), ಟೈರು, ಎಂಜಿನ್ನುಗಳಲ್ಲಿ ಒಂದೊಂದು ಬಗೆಯ ಬದಲಾವಣೆ ಮಾಡಿಸಿಕೊಂಡಿದ್ದರಿಂದ, ಒಂದೇ ಮಾದರಿಯ ಕಾರಿನ ಮೇಲೆ ಬೇರೆ ಬೇರೆ ಆಯ್ಕೆಗಳನ್ನು ಒಂದೇ ರಸ್ತೆಯಲ್ಲಿ ಓಡಿಸಿ ನೋಡುವ ಅವಕಾಶ ನಮಗೆ ಸಿಕ್ಕಿತು. ಜಾಹೀರಾತಿನ ಮಾತುಗಳಿಗಿಂತ ಇದು ಹೆಚ್ಚು ಉಪಯೋಗವಾಗುತ್ತದೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಪರೀಕ್ಷೆಗೆ ಆರಿಸಿಕೊಂಡ ದಾರಿಗಳು ಎರಡು. ಮೊದಲನೆಯದು ದಾವಣಗೆರೆಯಿಂದ ಚಿತ್ರದುರ್ಗದವರೆಗಿನ ರಾಷ್ಟ್ರೀಯ ಹೆದ್ದಾರಿ 48. ಎರಡನೆಯದು ದಾವಣಗೆರೆಯಿಂದ ಸಂತೇಬೆನ್ನೂರಿನ ಮೇಲೆ ಚನ್ನಗಿರಿಗೆ ಹೋಗುವ ರಸ್ತೆ. ನಿಜವಾದ ಪರೀಕ್ಷೆ ನಡೆಯುವುದು ಈ ಎರಡನೆಯದರಲ್ಲಿಯೇ. ಊರೂರಿಗೂ ಹಂಪುಗಳಿವೆ, ಅವುಗಳಲ್ಲಿ ಕೆಲವಕ್ಕೆ ಬಣ್ಣವೂ ಇಲ್ಲ, ಫಲಕವೂ ಇಲ್ಲ. ಸುಗ್ಗಿಯ ಕಾಲದಲ್ಲಿ ರೈತರು ಮೆಕ್ಕೆಜೋಳವನ್ನು ಡಾಂಬರಿನ ಮೇಲೆಯೇ ಒಣಗಲು ಹರವಿರುತ್ತಾರಾದ್ದರಿಂದ ಅರ್ಧ ರಸ್ತೆ ಬಿಟ್ಟು ಅಂಚಿಗೆ ಇಳಿಯಬೇಕಾಗುತ್ತದೆ. ಡಾಂಬರಿಗೂ ಪಕ್ಕದ ಮಣ್ಣಿಗೂ ನಡುವಿನ ಆ ಮೆಟ್ಟಿಲನ್ನು ಇಳಿದು ಹತ್ತುವಾಗಲೇ ಕಾರಿನ ತಳದ ಗುಣ ತಿಳಿಯುತ್ತದೆ. ಎಲ್ಲ ಕಾರುಗಳಿಗೂ ಒಂದೇ ಬಂಕಿನಲ್ಲಿ, ಟೈರು ತಣ್ಣಗಿರುವಾಗಲೇ, ಒಂದೇ ಪ್ರಮಾಣದ ಗಾಳಿ ತುಂಬಿಸಿ, ಚಾಲಕರು ಗಾಡಿ ಬದಲಾಯಿಸಿಕೊಂಡು ಓಡಿಸಿದೆವು.

ಗಿರಣಿಯ ಗೆಳೆಯರ ಕಾರಿನಲ್ಲಿರುವುದು ಲೋಯರಿಂಗ್ ಸ್ಪ್ರಿಂಗ್. ಕಂಪನಿಯ ಶಾಕ್ ಅಬ್ಸಾರ್ಬರ್‌ಗಳನ್ನು ಹಾಗೆಯೇ ಉಳಿಸಿಕೊಂಡು, ಸ್ಪ್ರಿಂಗುಗಳನ್ನು ಮಾತ್ರ ಗಿಡ್ಡವೂ ಗಟ್ಟಿಯೂ ಆದವುಗಳಿಗೆ ಬದಲಾಯಿಸುವ ವಿಧಾನವಿದು. ಖರ್ಚು ಎಲ್ಲಕ್ಕಿಂತ ಕಡಿಮೆ, ನೋಟವಂತೂ ಕಣ್ಣಿಗೆ ಹಬ್ಬ. ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ ಮೈ ವಾಲುವುದು ಸ್ಪಷ್ಟವಾಗಿ ಕಡಿಮೆಯಾಗಿತ್ತು. ಆದರೆ ಗಾಡಿ ಸುಮಾರು ಮೂರು ಸೆಂಟಿಮೀಟರ್ ಕೆಳಗಿಳಿದಾಗ ಶಾಕ್ ಅಬ್ಸಾರ್ಬರ್‌ನ ಒಳಗಿನ ರಾಡು ಚಲಿಸಲು ಇರುವ ಜಾಗವೂ ಅಷ್ಟೇ ಕಡಿಮೆಯಾಗುತ್ತದೆ. ನಾಲ್ವರು ಕುಳಿತು, ಡಿಕ್ಕಿಯಲ್ಲಿ ಸಾಮಾನಿಟ್ಟು ಹಂಪು ದಾಟಿದಾಗ ರಾಡು ಕೊನೆಯ ರಬ್ಬರಿಗೆ ಬಡಿಯುವ ಸದ್ದು ಒಳಗೆ ಕುಳಿತವರ ಬೆನ್ನಿಗೇ ಕೇಳಿಸುತ್ತದೆ. ಗಟ್ಟಿಯಾದ ಸ್ಪ್ರಿಂಗಿನ ನೆಗೆತವನ್ನು ತಡೆಯುವ ಬಲ ಕಂಪನಿಯ ಶಾಕ್ ಅಬ್ಸಾರ್ಬರ್‌ಗೆ ಇಲ್ಲದ ಕಾರಣ, ಸಂತೇಬೆನ್ನೂರು ರಸ್ತೆಯ ಅಲೆಅಲೆಯಾದ ಡಾಂಬರಿನಲ್ಲಿ ಹಿಂಬದಿ ಪುಟಿಯುತ್ತಲೇ ಇತ್ತು. ಇದಕ್ಕಿಂತ ಮುಖ್ಯವಾದದ್ದು ಎಂಜಿನ್ನಿನ ಆಯಿಲ್ ಚೇಂಬರ್ ನೆಲಕ್ಕೆ ತಾಗುವ ಅಪಾಯ. ತಳಕ್ಕೆ ದಪ್ಪ ರಕ್ಷಣಾ ಫಲಕ ಹಾಕಿಸದೆ ಯಾರೂ ಈ ಭಾಗದಲ್ಲಿ ಗಾಡಿ ಇಳಿಸಬಾರದೆಂದು ನಾನು ಖಚಿತವಾಗಿ ಹೇಳುತ್ತೇನೆ.

ಮೇಷ್ಟ್ರ ಕಾರಿನಲ್ಲಿರುವುದು ಕಾಯಿಲ್‌ಓವರ್. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್‌ ಪರಸ್ಪರ ಹೊಂದುವಂತೆ ಒಟ್ಟಿಗೇ ವಿನ್ಯಾಸಗೊಂಡ ಜೋಡಿ ಇದು. ಮರೆ (ಸ್ಕ್ರೂವಿನಲ್ಲಿರುವಂಥ ಸುತ್ತುಗೆರೆ) ಇರುವ ಕೊಳವೆಯ ಮೇಲಿನ ಕಾಲರನ್ನು ಸ್ಪ್ಯಾನರಿನಿಂದ ತಿರುಗಿಸಿ ಎತ್ತರವನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಓಡಿಸುವ ಸುಖದ ದೃಷ್ಟಿಯಿಂದ ನೋಡಿದರೆ ಮೂರರಲ್ಲಿ ಇದೇ ಮೇಲು, ಅದರಲ್ಲಿ ನನಗೆ ಸಂದೇಹವಿಲ್ಲ. ಸ್ಟಿಯರಿಂಗ್ ತಿರುಗಿಸಿದ ಕ್ಷಣವೇ ಮುಂಭಾಗ ಸ್ಪಂದಿಸುತ್ತದೆ, ತಿರುವಿನ ನಡುವೆ ಹೊಂಡ ಸಿಕ್ಕರೂ ಗಾಡಿ ದಾರಿ ಬಿಡುವುದಿಲ್ಲ. ಆದರೆ ನಮ್ಮ ಊರಿನ ವಾತಾವರಣಕ್ಕೆ ಅದರ ಮರೆ ಹೊಂದುವುದಿಲ್ಲ. ಮಳೆಗಾಲ ಕಳೆದ ಮೇಲೆ ಎತ್ತರ ಸರಿಪಡಿಸಲೆಂದು ಚಕ್ರ ಬಿಚ್ಚಿದಾಗ, ಚಿತ್ರದುರ್ಗದ ಕೆಂಪು ಧೂಳು ನೀರಿನೊಂದಿಗೆ ಕಲಸಿ ಮರೆಯ ಸಂದುಗಳಲ್ಲಿ ಗಾರೆಯಂತೆ ಗಟ್ಟಿಯಾಗಿ ಕೂತಿತ್ತು, ಅದರ ಅಡಿಯಲ್ಲಿ ತುಕ್ಕು ಹಿಡಿದಿತ್ತು. ನಮ್ಮ ಗ್ಯಾರೇಜಿನ ಮೇಸ್ತ್ರಿ ತಂತಿ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಹನಿಸಿ, ಸ್ಪ್ಯಾನರ್ ಹಾಕಿ ನೋಡಿ, "ಇದು ತಿರಗಂಗಿಲ್ಲ ನೋಡ್ರಿ ಸರ, ಜೋರು ಮಾಡಿದ್ರ ಮರೀನೇ ಹೋಗತೈತಿ" ಎಂದರು. ಕಡೆಗೆ ಅದನ್ನು ಪೂರ್ತಿ ಕಳಚಿ ಬೆಂಗಳೂರಿಗೆ ಕಳಿಸಬೇಕಾಯಿತು. ಎತ್ತರ ಬದಲಿಸುವ ಸೌಲಭ್ಯಕ್ಕೆಂದು ಹೆಚ್ಚು ಹಣ ಕೊಟ್ಟವರು ಆ ಸೌಲಭ್ಯವನ್ನು ಇಲ್ಲಿ ಬಳಸಬೇಕಾದರೆ, ಮರೆಗೆ ಬಟ್ಟೆಯ ಹೊದಿಕೆ ಹಾಕಿ ಕಾಲಕಾಲಕ್ಕೆ ತೊಳೆದು ಗ್ರೀಸ್ ಹಚ್ಚುವ ಶ್ರಮವನ್ನೂ ವಹಿಸಬೇಕು.

ನನ್ನ ಕಾರಿನಲ್ಲಿರುವುದು ಮೂರನೆಯ ದಾರಿ. ಸ್ಪ್ರಿಂಗು ಕಂಪನಿಯದೇ, ಎತ್ತರವೂ ಕಂಪನಿಯದೇ. ಬದಲಾದದ್ದು ಶಾಕ್ ಅಬ್ಸಾರ್ಬರ್‌ಗಳು ಮಾತ್ರ. ಬಿಲ್‌ಸ್ಟೈನ್ ಕಂಪನಿಯ ಬಿ6 ಎಂಬ ಸರಣಿ ಇದಕ್ಕೆಂದೇ ಇದೆ. ಇಳಿಸಿದ ಸ್ಪ್ರಿಂಗುಗಳಿಗೆ ಅವರದೇ ಬಿ8 ಸರಣಿ ಬೇರೆಯಿದೆ. ಕೊಳ್ಳುವಾಗ ಇವೆರಡನ್ನು ಅದಲುಬದಲು ಮಾಡಿಕೊಳ್ಳದಂತೆ ಎಚ್ಚರ ವಹಿಸಬೇಕು. ಹೊರನೋಟದಲ್ಲಿ ಗಾಡಿ ಕಿಂಚಿತ್ತೂ ಬದಲಾಗಿಲ್ಲವೆಂದು ಕೆಲವರಿಗೆ ನಿರಾಶೆಯಾಗಬಹುದು. ಆದರೆ ಹಂಪು ಇಳಿದ ಮೇಲೆ ಮೈ ಒಮ್ಮೆ ತಗ್ಗಿ ಎದ್ದು ಅಲ್ಲಿಗೇ ನಿಲ್ಲುತ್ತದೆ, ಎರಡನೆಯ ತೂಗಾಟವಿಲ್ಲ. ಮೆಕ್ಕೆಜೋಳದ ರಾಶಿ ತಪ್ಪಿಸಿ ಅಂಚಿಗಿಳಿದಾಗ ತಳ ಎಲ್ಲಿಯೂ ತಾಗಲಿಲ್ಲ. ತಿರುವಿನಲ್ಲಿ ಮೇಷ್ಟ್ರ ಗಾಡಿಯಷ್ಟು ಚುರುಕಿಲ್ಲ, ಸ್ವಲ್ಪ ವಾಲಿಯೇ ತಿರುಗುತ್ತದೆ. ಆದರೂ ಆ ವಾಲುವಿಕೆ ಹದವಾಗಿ, ನಿಧಾನವಾಗಿ ಬರುವುದರಿಂದ ಚಾಲಕನಿಗೆ ಧೈರ್ಯ ಉಳಿಯುತ್ತದೆ. ಮೂರನ್ನೂ ಓಡಿಸಿದ ದಂತವೈದ್ಯೆ, ತಮ್ಮ ತಂದೆತಾಯಿಯನ್ನು ಕೂರಿಸಿಕೊಂಡು ಹೋಗುವುದಾದರೆ ಈ ಗಾಡಿಯೇ ಬೇಕೆಂದರು. ಅವರು ತಮ್ಮ ಕಾರಿಗೂ ಇದನ್ನೇ ಹಾಕಿಸಿದರು.

ಟೈರಿನ ವಿಷಯದಲ್ಲಿಯೂ ಇದೇ ವಿವೇಚನೆ ಅನ್ವಯಿಸುತ್ತದೆ. ಮೊದಲ ವರ್ಷಗಳ ಜಿಟಿಗಳಿಗೆ 185/60 ಆರ್15 ಅಳತೆಯ (ಅಗಲ 185 ಮಿಲಿಮೀಟರ್, ರಬ್ಬರಿನ ಎತ್ತರ ಅದರ ಶೇಕಡ 60, ರಿಮ್ 15 ಇಂಚು) ಟೈರು ಬರುತ್ತಿತ್ತು. ಅದರ ಒಟ್ಟು ವ್ಯಾಸ 603 ಮಿಲಿಮೀಟರ್. ಇದಕ್ಕೆ ಬದಲಾಗಿ ನಾವು ನೋಡಿದ್ದು 195/60 ಆರ್15 ಮತ್ತು 205/50 ಆರ್16. ಮೊದಲನೆಯದರ ವ್ಯಾಸ 615, ಎರಡನೆಯದರದ್ದು 611. ಸ್ಪೀಡೋಮೀಟರಿನ ಮಟ್ಟಿಗೆ ಎರಡರಲ್ಲಿಯೂ ಹೆಚ್ಚು ವ್ಯತ್ಯಾಸವಾಗದು. ಆದರೆ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರಿನ ಎತ್ತರ ಮೊದಲನೆಯದರಲ್ಲಿ 117 ಮಿಲಿಮೀಟರ್, ಎರಡನೆಯದರಲ್ಲಿ ಸುಮಾರು 102. ಈ ಒಂದೂವರೆ ಸೆಂಟಿಮೀಟರಿನ ಅಂತರವೇ ಹೊಂಡಕ್ಕೆ ಬಿದ್ದಾಗ ಅಲಾಯ್ ಉಳಿಯುವುದೋ ಸೊಟ್ಟಗಾಗುವುದೋ ಎಂಬುದನ್ನು ನಿರ್ಧರಿಸುತ್ತದೆ. ಹದಿನಾರು ಇಂಚಿನದು ತಿರುವಿನಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, ನಿಜ. ಆದರೂ ನಾನು ಹದಿನೈದು ಇಂಚಿನಲ್ಲಿಯೇ ಉಳಿದೆ.

ಇನ್ನು ಎಂಜಿನ್ನಿನ ಶಕ್ತಿ. ಇಲ್ಲಿ ಪೈಪೋಟಿ ಇರುವುದು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮತ್ತು ಟ್ಯೂನಿಂಗ್ ಬಾಕ್ಸ್ ನಡುವೆ. ಟ್ಯೂನಿಂಗ್ ಬಾಕ್ಸ್ ಎಂಬುದು ಗಾಳಿಯ ಒತ್ತಡ ಅಳೆಯುವ ಸೆನ್ಸರಿಗೂ ಇಸಿಯುಗೂ ನಡುವೆ ಕುಳಿತು, ನಿಜವಾದ ಒತ್ತಡಕ್ಕಿಂತ ಕಡಿಮೆ ಒತ್ತಡವನ್ನು ಇಸಿಯುಗೆ ತೋರಿಸುತ್ತದೆ. ಒತ್ತಡ ಸಾಲದೆಂದು ತಿಳಿದ ಇಸಿಯು ಟರ್ಬೊವನ್ನು ಇನ್ನಷ್ಟು ದುಡಿಸುತ್ತದೆ. ಬೇಡವೆನಿಸಿದ ದಿನ ಕಳಚಿ ಪಕ್ಕಕ್ಕಿಡಬಹುದೆಂಬುದೇ ಇದರ ದೊಡ್ಡ ಆಕರ್ಷಣೆ. ರೀಮ್ಯಾಪ್ ಹಾಗಲ್ಲ. ಟರ್ಬೊ ಒತ್ತಡ, ಇಂಧನದ ಪ್ರಮಾಣ, ಕಿಡಿ ಹೊತ್ತುವ ಸಮಯ ಎಲ್ಲವನ್ನೂ ಇಸಿಯು ಒಳಗಿನ ತಂತ್ರಾಂಶದಲ್ಲಿಯೇ ತಿದ್ದುತ್ತದೆ. ಈ ಎಂಜಿನ್ನಿಗೆ ಮೊದಲ ಹಂತದ ರೀಮ್ಯಾಪ್ ಮಾಡಿಸಿದರೆ 130 ಪಿಎಸ್ ಆಸುಪಾಸಿನ ಶಕ್ತಿ ದೊರೆಯುತ್ತದೆಂದು ಟ್ಯೂನರ್‌ಗಳು ಸಾಮಾನ್ಯವಾಗಿ ಹೇಳುತ್ತಾರೆ.

ಹೆದ್ದಾರಿಯಲ್ಲಿ ಲಾರಿ ದಾಟುವಾಗ ಬಾಕ್ಸ್ ಹಾಕಿದ ಗಾಡಿ, ರೀಮ್ಯಾಪ್ ಆದ ಗಾಡಿ ಎರಡೂ ಕಂಪನಿಯ ಸ್ಥಿತಿಗಿಂತ ಚುರುಕಾಗಿದ್ದವು. ಆದರೆ ಚುರುಕಿನ ರೀತಿ ಬೇರೆ. ಬಾಕ್ಸ್ ಇದ್ದ ಗಾಡಿಯಲ್ಲಿ ಶಕ್ತಿ ಒಮ್ಮೆಲೇ ನುಗ್ಗಿ ಬಂದು ಮೇಲಿನ ವೇಗದಲ್ಲಿ ಸೊರಗುತ್ತಿತ್ತು. ರೀಮ್ಯಾಪ್ ಆದ ಗಾಡಿಯಲ್ಲಿ ಅದು ಕೆಳಗಿನಿಂದ ಮೇಲಿನವರೆಗೆ ಸಮನಾಗಿ ಏರುತ್ತಿತ್ತು. ಗೇರ್‌ಬಾಕ್ಸಿನ ದೃಷ್ಟಿಯಿಂದಲೂ ವ್ಯತ್ಯಾಸವಿದೆ. ಈ ಕಾರಿನ ಡಿಕ್ಯೂ200 ಎಂಬ ಡಿಎಸ್‌ಜಿಯದು ಒಣ ಕ್ಲಚ್, ಅದು ತಾಳಬಲ್ಲ ಟಾರ್ಕಿನ ಮಿತಿ 250 ಎನ್‌ಎಂ. ಎಂಜಿನ್ನಿನ ಟಾರ್ಕ್ ಎಷ್ಟೆಂದು ಇಸಿಯು ಕೊಡುವ ಲೆಕ್ಕವನ್ನು ನಂಬಿಯೇ ಗೇರ್‌ಬಾಕ್ಸ್ ತನ್ನ ಕ್ಲಚ್ಚನ್ನು ಒತ್ತಿ ಹಿಡಿಯುತ್ತದೆ. ಬಾಕ್ಸಿನಿಂದಾಗಿ ಇಸಿಯುಗೇ ತಪ್ಪು ಲೆಕ್ಕ ಸಿಕ್ಕಿದಾಗ, ಗೇರ್‌ಬಾಕ್ಸಿಗೂ ಅದೇ ತಪ್ಪು ಲೆಕ್ಕ ದಾಟುತ್ತದೆ. ಕ್ಲಚ್ ಜಾರುವ ಸಂಭವ ಹೆಚ್ಚುತ್ತದೆ. ಆದ್ದರಿಂದ ಈ ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಹದವಾದ ರೀಮ್ಯಾಪನ್ನೇ ಆರಿಸುತ್ತೇನೆ, ಅದೂ ಇಲ್ಲಿ ಸಿಗುವ 95 ಆಕ್ಟೇನ್ ಪೆಟ್ರೋಲಿಗೆ ಹೊಂದುವಂಥದ್ದನ್ನು. 100 ಆಕ್ಟೇನಿಗೆಂದು ಬರೆದ ರೀಮ್ಯಾಪನ್ನು ಬೆಂಗಳೂರಿನವರು ಎಷ್ಟೇ ಹೊಗಳಿದರೂ, ದಿನನಿತ್ಯ ಆ ಪೆಟ್ರೋಲು ಸಿಗದವರಿಗೆ ಅದರಿಂದ ಲಾಭವಿಲ್ಲ. ಕಡಿಮೆ ಆಕ್ಟೇನಿನ ಪೆಟ್ರೋಲು ಇದ್ದರೆ, ಬೇಸಿಗೆಯ ಮಧ್ಯಾಹ್ನದ ಬಿಸಿಗಾಳಿಯಲ್ಲಿ ಎಂಜಿನ್ ನಾಕ್ ಆಗದಂತೆ (ಇಂಧನ ಹೊತ್ತಿಗೆ ಮೊದಲೇ ಸಿಡಿಯದಂತೆ) ಇಸಿಯು ಕಿಡಿಯನ್ನು ಹಿಂದಕ್ಕೆ ತಳ್ಳುತ್ತದೆ, ಕೊಂಡ ಶಕ್ತಿ ಕೈಗೆ ಬರುವುದಿಲ್ಲ.

ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ತೆರೆದ ಕೋನ್ ಫಿಲ್ಟರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಾನೆಟ್ಟಿನ ಬಿಸಿಗಾಳಿಯನ್ನೂ ಧೂಳನ್ನೂ ಅದು ಹೀರುತ್ತದೆ, ನಮ್ಮ ಸೀಮೆಗೆ ಕಂಪನಿಯ ಕಾಗದದ ಫಿಲ್ಟರೇ ಸರಿ. ಸದ್ದಿನ ಸೈಲೆನ್ಸರನ್ನು ನಮ್ಮಲ್ಲಿ ಯಾರೂ ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಾಯಿತು. ಏನೇ ಮಾಡಿಸುವುದಿದ್ದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಅವಶ್ಯಕ. ತಿಳಿಸದೆ ಇದ್ದರೆ ಅಪಘಾತದ ಹೊತ್ತಿನಲ್ಲಿ ಪರಿಹಾರ ತಪ್ಪಬಹುದು.

ಬಿಡಿಭಾಗಗಳಷ್ಟೇ ಅಲ್ಲ, ಬಳಗಗಳ ನಡುವೆಯೂ ಆಯ್ಕೆಯಿದೆ. ಬೆಂಗಳೂರಿನ ದೊಡ್ಡ ಮಾಲೀಕರ ಕೂಟಗಳಿಗೂ ನಾನು ಹೋಗಿದ್ದೇನೆ. ಅಲ್ಲಿ ನೋಡಲು ಸಿಗುವ ಗಾಡಿಗಳ ವೈವಿಧ್ಯ ನಮ್ಮಲ್ಲಿ ಕನಸಿನಲ್ಲಿಯೂ ಸಾಧ್ಯವಿಲ್ಲ. ಡೈನೊ ಮೇಲೆ ಗಾಡಿ ಏರಿಸಿ ನಿಜವಾದ ಶಕ್ತಿಯನ್ನು ಅಳೆಸಿಕೊಳ್ಳಬಹುದು, ಟ್ಯೂನರ್‌ಗಳನ್ನೇ ಎದುರು ನಿಲ್ಲಿಸಿ ಪ್ರಶ್ನೆ ಕೇಳಬಹುದು. ಆದರೆ ಜನ ಹೆಚ್ಚಿದಷ್ಟೂ ಮಾತು ಬಾನೆಟ್ಟಿನ ಸುತ್ತಲೇ ನಿಲ್ಲುತ್ತದೆ. ಪರಿಚಯವಿಲ್ಲದವರ ಕೈಗೆ ಯಾರೂ ಕೀಲಿ ಕೊಡುವುದಿಲ್ಲ. ಕೊಡಬೇಕೆಂದು ನಿರೀಕ್ಷಿಸುವುದೂ ತಪ್ಪು. ಹಾಗಾಗಿ ಅಲ್ಲಿ ಕೇಳಿದ್ದೆಲ್ಲವೂ ಕೇಳಿದ ಮಾತಾಗಿಯೇ ಉಳಿಯುತ್ತದೆ.

ನಮ್ಮ ಚಿಕ್ಕ ಬಳಗದಲ್ಲಿ ಕೀಲಿಗಳು ಕೈ ಬದಲಾಗುತ್ತವೆ. ಭಾನುವಾರ ಬೆಳಗ್ಗೆ ಬೇಗ ಹೊರಟು, ಚಿತ್ರದುರ್ಗದಲ್ಲಿ ಮೇಷ್ಟ್ರನ್ನು ಕೂಡಿಕೊಂಡು, ಹಿರಿಯೂರಿನ ಮೇಲೆ ವಾಣಿವಿಲಾಸ ಸಾಗರದವರೆಗೆ ಹೋಗಿ ಬರುವ ರೂಢಿಯಿದೆ. ಹೋಗುವಾಗ ಒಬ್ಬರ ಗಾಡಿ, ಬರುವಾಗ ಇನ್ನೊಬ್ಬರದ್ದು. ಹೆದ್ದಾರಿಯ ವೇಗಮಿತಿ ಮೀರಬಾರದು, ಒಬ್ಬರನ್ನೊಬ್ಬರು ಹಿಂದಿಕ್ಕುವ ಪಂದ್ಯ ಕೂಡದು ಎಂಬುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ರೆಂಚ್, ದೋಷ ಓದುವ ಸ್ಕ್ಯಾನರ್ ಇವನ್ನು ಒಬ್ಬೊಬ್ಬರೂ ಒಂದೊಂದು ಕೊಂಡು ಹಂಚಿಕೊಂಡಿದ್ದೇವೆ. ಯಾವ ಮೇಸ್ತ್ರಿ ಡಿಎಸ್‌ಜಿ ಮುಟ್ಟಬಲ್ಲರು, ಯಾರ ಅಲೈನ್‌ಮೆಂಟ್ ಯಂತ್ರ ಸರಿಯಾದ ಅಳತೆ ಕೊಡುತ್ತದೆ ಎಂಬಂಥ ತಿಳಿವಳಿಕೆ ಬೆಂಗಳೂರಿನ ಕೂಟದಲ್ಲಿ ಸಿಗದು, ಅದು ಊರವರಿಂದಲೇ ಸಿಗಬೇಕು. ಕಾಯಿಲ್‌ಓವರಿನ ತುಕ್ಕಿನ ಪ್ರಸಂಗ ನಡೆದಾಗ ಮೇಷ್ಟ್ರಿಗೆ ಓಡಾಡಲು ಗಿರಣಿಯವರು ತಮ್ಮ ಕಾರನ್ನೇ ಬಿಟ್ಟುಕೊಟ್ಟರು. "ನಿಮ್ಮದು ರೆಡಿ ಆಗೋ ತನಕ ಇಟ್ಕೊಳ್ರಿ ಸರ್, ನನಗೆ ಬೈಕ್ ಐತಿ" ಎಂದು ಕೀಲಿಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಹೋದವರು ಅವರು.

ಹೊಸಬರಿಗೆ ನಾನು ಸೂಚಿಸುವ ಕ್ರಮವಿದು: ಮೊದಲು ಊರಿನ ಬಳಗ, ಅವರ ಗಾಡಿಗಳಲ್ಲಿ ಕುಳಿತು ನೋಡುವುದು, ಆಮೇಲೆ ಒಳ್ಳೆಯ ಟೈರು, ಆಮೇಲೆ ಶಾಕ್ ಅಬ್ಸಾರ್ಬರ್. ರೀಮ್ಯಾಪಿನ ಯೋಚನೆ ಇವೆಲ್ಲ ಮುಗಿದ ನಂತರ. ಡೈನೊ ಅಳತೆಗೆ ಮತ್ತು ಇಸಿಯು ಕೆಲಸಕ್ಕೆ ಮಾತ್ರ ಬೆಂಗಳೂರಿಗೆ ಹೋದರೆ ಸಾಕು.

ಈಚೆಗೆ ಫಿಯೆಟ್ ಅಬಾರ್ತ್ ಪುಂಟೊ ಇಟ್ಟುಕೊಂಡಿರುವ ಯುವಕನೊಬ್ಬ ನಮ್ಮೊಂದಿಗೆ ಸೇರಿದ್ದಾನೆ. 145 ಪಿಎಸ್ ಶಕ್ತಿ, 212 ಎನ್‌ಎಂ ಟಾರ್ಕ್ ಇರುವ, 2015ರಲ್ಲಿ ಬಂದ ಆ ಕಾರು ಕಂಪನಿಯಿಂದಲೇ ತಗ್ಗಾಗಿ ಬರುತ್ತದೆ. ಫಿಯೆಟ್ ಕಾರುಗಳ ಮಾರಾಟ ಇಲ್ಲಿ ನಿಂತು ವರ್ಷಗಳೇ ಆದ್ದರಿಂದ ಅವನಿಗೆ ಬಿಡಿಭಾಗಗಳು ಬರುವುದು ಇತರ ಮಾಲೀಕರ ಮೂಲಕವೇ. ಅವನ ಗಾಡಿಯ ಶಾಕ್ ಅಬ್ಸಾರ್ಬರ್‌ಗಳು ಈಗ ಸವೆದಿವೆ. ಎತ್ತರ ಹೆಚ್ಚಿಸಲು ಸ್ಪ್ರಿಂಗಿನ ಕೆಳಗೆ ಸ್ಪೇಸರ್ ಹಾಕಬೇಕೋ, ಹೊಸ ಶಾಕ್ ಅಬ್ಸಾರ್ಬರ್ ಒಂದರಿಂದಲೇ ತೃಪ್ತಿಪಡಬೇಕೋ ಎಂಬುದನ್ನು ನಿರ್ಧರಿಸುವ ಮೊದಲು ಅವನು ನನ್ನ ಕಾರನ್ನೂ ಮೇಷ್ಟ್ರ ಕಾರನ್ನೂ ಚನ್ನಗಿರಿ ರಸ್ತೆಯಲ್ಲಿ ಓಡಿಸಿ ನೋಡಲಿದ್ದಾನೆ.