ಬಗ್ಗದೆ ಅಳೆಯುವ ಕಪ್: ಆಕ್ಸೋ ಆಂಗಲ್ಡ್ ಮೆಷರಿಂಗ್ ಕಪ್ ಹೇಗಿದೆ?

ನಿಮ್ಮ ಅಳತೆ ಕಪ್‌ನಲ್ಲಿ ಏನು ತೊಂದರೆ ಅಂತ ಅಡುಗೆಮನೆ ಸಾಮಾನು ಮಾಡುವ ಆಕ್ಸೋ ಕಂಪನಿಯವರು ಕೇಳಿದಾಗ ಜನ ಹೇಳಿದ್ದು ಗಾಜಿನದು ಬಿದ್ದರೆ ಒಡೆಯುತ್ತದೆ, ಎಣ್ಣೆ ಕೈಗೆ ಹಿಡಿ ಜಾರುತ್ತದೆ ಎಂಬಂಥ ಮಾತುಗಳನ್ನೇ. ಅದೇ ಜನರ ಕೈಗೆ ಕಪ್ ಕೊಟ್ಟು ಅಳೆಯಿರಿ ಅಂದಾಗ ಕಂಡದ್ದೇ ಬೇರೆ. ಸ್ವಲ್ಪ ಸುರಿಯುವುದು, ಬಗ್ಗಿ ಗೆರೆ ನೋಡುವುದು, ಎದ್ದು ಇನ್ನಷ್ಟು ಸುರಿಯುವುದು, ಮತ್ತೆ ಬಗ್ಗುವುದು. ಇದನ್ನು ಒಬ್ಬರೂ ದೂರಿರಲಿಲ್ಲ. ಅಳೆಯುವುದೆಂದರೆ ಹಾಗೇ ಅಂದುಕೊಂಡಿದ್ದರು.

ಮಾಮೂಲಿ ಕಪ್ಪನ್ನು ಬಗ್ಗದೆ ಮೇಲಿನಿಂದಲೇ ನೋಡಿದರೆ ಲೆಕ್ಕ ತಪ್ಪುತ್ತದೆ. ಗೆರೆ ಇರುವುದು ಮುಂದಿನ ಗೋಡೆಯ ಮೇಲೆ, ದ್ರವದ ಮಟ್ಟ ಅದರ ಹಿಂದೆ. ಕಣ್ಣು ಮೇಲಿದ್ದಾಗ ಇರುವುದಕ್ಕಿಂತ ಹೆಚ್ಚು ತುಂಬಿದಂತೆ ಕಾಣುತ್ತದೆ, ನಾವು ಕಡಿಮೆ ಸುರಿದು ನಿಲ್ಲಿಸುತ್ತೇವೆ.

ಆಕ್ಸೋದ ಈ ಕಪ್‌ನ ಒಳಗೋಡೆಗೆ ಒಂದು ಓರೆ ಪಟ್ಟಿ ಇದೆ, ಗೆರೆಗಳು ಅದರ ಮೇಲಿವೆ. ದ್ರವದ ಅಂಚು ನೇರವಾಗಿ ಗೆರೆಗೇ ತಾಗುವುದರಿಂದ ನಿಂತಲ್ಲಿಂದಲೇ, ಸುರಿಯುತ್ತಿರುವಾಗಲೇ ಓದಬಹುದು. ಜಾಣತನ ಇನ್ನೊಂದಿದೆ: ಪಟ್ಟಿ ಓರೆಯಾಗಿರುವುದರಿಂದ ಮಟ್ಟ ಕೂದಲೆಳೆಯಷ್ಟು ಏರಿದರೂ ಅಂಚು ಅದಕ್ಕಿಂತ ದೂರ ಸರಿಯುತ್ತದೆ, ಸಣ್ಣ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ. ಜನ ಬಾಯಿಬಿಟ್ಟು ಹೇಳಿದ ದೂರನ್ನೂ ಬಿಟ್ಟಿಲ್ಲ: ಮೈ ಪ್ಲಾಸ್ಟಿಕ್, ಹಿಡಿ ಮೆತ್ತಗೆ, ಜಾರದಂಥದ್ದು.

ಕೊರತೆಗಳೂ ಇವೆ. ಕಪ್ ಸಮತಟ್ಟಾದ ಜಾಗದಲ್ಲಿ ಇಲ್ಲದಿದ್ದರೆ, ಅಥವಾ ಕೈಯಲ್ಲಿ ಎತ್ತಿ ಹಿಡಿದು ಓದಿದರೆ, ಅಳತೆ ತಪ್ಪುತ್ತದೆ; ಓರೆ ಪಟ್ಟಿ ಇದನ್ನೇನೂ ಸರಿಪಡಿಸುವುದಿಲ್ಲ. ಮಂದ ಬೆಳಕಿನಲ್ಲಿ ನೀರಿನ ಅಂಚು ಹುಡುಕಬೇಕಾಗುತ್ತದೆ. ಒಳಗೇ ಕಲಕಲು ಹೋದರೆ ಚಮಚ ಪಟ್ಟಿಗೆ ಬಡಿಯುತ್ತದೆ, ತೊಳೆಯುವಾಗ ಅದರ ಮೂಲೆಯ ಜಿಡ್ಡಿಗೆ ಬ್ರಷ್ ಬೇಕು. ಹಿಟ್ಟಿಗಂತೂ ಇದು ಬೇಡ, ಅದಕ್ಕೆ ಬಾಯಿಮಟ್ಟ ತುಂಬಿ ಸವರುವ ಕಪ್ಪೇ ಸರಿ.

ಹೊಸ ವಸ್ತು ತಯಾರಿಸಿ ಮಾರಲು ಹೊರಟವರು, ಜನ ಬಾಯಿಬಿಟ್ಟು ಹೇಳದ ತೊಂದರೆ ಹೇಗೆ ಕಾಣುತ್ತದೆ ಅಂತ ತಿಳಿಯಲು, ಈ ಕಪ್ಪನ್ನು ಒಮ್ಮೆ ಪರೀಕ್ಷೆಗೆ ಬಳಸಿ ನೋಡಬೇಕು. ಒಬ್ಬರಿಗೆ ಹಳೆಯ ಕಪ್ ಕೊಟ್ಟು "ಮುಕ್ಕಾಲು ಕಪ್ ನೀರು ಅಳೆಯಿರಿ" ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಎಣಿಸಿ: ಎಷ್ಟು ಸಲ ಬಗ್ಗಿದರು, ಎಷ್ಟು ಸಲ ಹೆಚ್ಚಾದದ್ದನ್ನು ವಾಪಸ್ ಚೆಲ್ಲಿದರು. ಅದೇ ಕೆಲಸ ಇದರಲ್ಲಿ ಮಾಡಿಸಿ, ಮತ್ತೆ ಎಣಿಸಿ. "ಬಗ್ಗುವುದು ಕಷ್ಟವಾ?" ಅಂತ ಮಾತ್ರ ಮೊದಲೇ ಕೇಳಬೇಡಿ, ಕೇಳಿದರೆ ಹೌದು ಅಂತಲೇ ಅನ್ನುತ್ತಾರೆ. "ಇಂಥದ್ದು ಬಂದರೆ ಕೊಳ್ಳುತ್ತೀರಾ?" ಎಂಬುದಕ್ಕೂ ಅದೇ ಗತಿ, ಸಿಗುವುದು ಮರ್ಯಾದೆಯ ಉತ್ತರ.

ದಿನವೂ ದ್ರವ ಅಳೆಯುವವರಿಗೆ, ಸೊಂಟ ನೋವಿರುವವರಿಗೆ ಧಾರಾಳವಾಗಿ ಹೇಳಬಹುದು. ವಾರಕ್ಕೊಮ್ಮೆ ಅಳೆಯುವವರಿಗೆ ಇರುವ ಕಪ್ಪೇ ಸಾಕು.