ಆಂಕಿ ಆ್ಯಪ್ ಜೊತೆ 14 ತಿಂಗಳು: ಐಇಎಲ್‌ಟಿಎಸ್‌ಗೆ ಪದ ಕಲಿತ ಅನುಭವ

ಆಂಕಿ ಬಳಸಲು ಶುರು ಮಾಡಿ 14 ತಿಂಗಳಾಯಿತು. ಈ ನಡುವೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದೆ. ರೈಟಿಂಗ್‌ನಲ್ಲಿ ಮೊದಲ ಸಲ 6 ಬಂತು, ಎರಡನೇ ಸಲ 7. ಎರಡೂ ಸಲ ಇದೇ ಆ್ಯಪ್ ಇಟ್ಟುಕೊಂಡೇ ಓದಿದ್ದು. ಬದಲಾಗಿದ್ದು ಅದರೊಳಗಿನ ಕಾರ್ಡುಗಳು. ಹಾಗಾಗಿ ಇಲ್ಲಿ ಕಾರ್ಡುಗಳ ಮಾತೇ ಜಾಸ್ತಿ ಇರುತ್ತದೆ.

ಹೊಸಬರಿಗೆ ಎರಡು ಮಾತು. ಆಂಕಿ ಅಂದರೆ ಜಪಾನಿ ಭಾಷೆಯಲ್ಲಿ ಕಂಠಪಾಠ. 2006ರಿಂದಲೂ ಇದೆ. ಕಾರ್ಡಿನ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಉತ್ತರ ನೋಡಿದ ಮೇಲೆ ಎಗೇನ್, ಹಾರ್ಡ್, ಗುಡ್, ಈಸಿ ಎಂಬ ನಾಲ್ಕು ಬಟನ್‌ಗಳಲ್ಲಿ ಒಂದನ್ನು ಒತ್ತಬೇಕು. ನೆನಪಿದ್ದ ಪದ ಕೆಲವು ದಿನ ಬಿಟ್ಟು ಬರುತ್ತದೆ, ಆಮೇಲೆ ಕೆಲವು ವಾರ, ಆಮೇಲೆ ತಿಂಗಳುಗಳು. ಮರೆತ ಪದ ಬೇಗ ವಾಪಸ್ ಬರುತ್ತದೆ. ಇನ್ನೇನು ಮರೆತೇಹೋಗುತ್ತದೆ ಅನ್ನುವ ಹೊತ್ತಿಗೆ ಕೇಳುವುದೇ ಇದರ ಗುಟ್ಟು. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್ ಆ್ಯಪ್‌ಗೆ ದುಡ್ಡು ಕೊಡಬೇಕು.

ಶುರುವಿನಲ್ಲಿ ಯಾರೋ ಹಂಚಿಕೊಂಡಿದ್ದ 4000 ಪದಗಳ ಡೆಕ್, ಅಂದರೆ ಕಾರ್ಡುಗಳ ಕಟ್ಟು, ಇಳಿಸಿಕೊಂಡೆ. ದಿನಕ್ಕೆ 20 ಹೊಸ ಕಾರ್ಡು ಅಂತ ಆ್ಯಪ್ ತಾನೇ ಇಟ್ಟಿರುತ್ತದೆ. ನಾನು ಅದನ್ನು 50 ಮಾಡಿದೆ. ಮೂರೇ ವಾರದಲ್ಲಿ ದಿನದ ರಿವಿಷನ್ 300 ದಾಟಿತು. ನಾಲ್ಕು ದಿನ ಜ್ವರ ಬಂದು ಮಲಗಿದ್ದೆ, ಎದ್ದು ನೋಡಿದರೆ ಸಾವಿರಕ್ಕೂ ಮೇಲೆ ಕಾರ್ಡು ಕಾಯುತ್ತಿದ್ದವು. ದಯವಿಟ್ಟು ಹೀಗೆ ಮಾಡಬೇಡಿ. 10 ಹೊಸ ಕಾರ್ಡು ಸಾಕು.

ಆದರೆ ನನ್ನ ಅಂಕ ಕೆಡಿಸಿದ್ದು ಬೇರೆಯೇ ವಿಷಯ. ಆ ಡೆಕ್‌ನಲ್ಲಿ ಒಂದು ಪದಕ್ಕೆ ಒಂದು ಅರ್ಥ, ಅಷ್ಟೇ. ನಾನು ಅದಕ್ಕೆ ಕನ್ನಡ ಅರ್ಥ ಸೇರಿಸಿಕೊಂಡೆ. 'ಪ್ಲೆಥೊರಾ' ಅಂದರೆ ಹೇರಳ. ನಮ್ಮಲ್ಲಿ ನೀರೂ ಹೇರಳ, ಹಣವೂ ಹೇರಳ, ಅಲ್ವಾ? ಅದೇ ನಂಬಿಕೆಯಲ್ಲಿ 'ಪ್ಲೆಥೊರಾ ಆಫ್ ಪೊಲ್ಯೂಷನ್' ಅಂತ ಪ್ರಬಂಧದಲ್ಲಿ ಬರೆದೆ. ನೋಡಿಕೊಟ್ಟ ಗೆಳತಿ ಅದರ ಸುತ್ತ ಕೆಂಪು ಗೆರೆ ಎಳೆದಳು. ಆ ಪದದ ಮುಂದೆ ಎಣಿಸಬಹುದಾದ ವಸ್ತುಗಳು ಬರಬೇಕಂತೆ, ಆಪ್ಷನ್ಸ್, ರೀಸನ್ಸ್ ಹೀಗೆ. ಅರ್ಥ ಗೊತ್ತಿತ್ತು, ಜೊತೆ ಗೊತ್ತಿರಲಿಲ್ಲ.

ಈ ಜೊತೆ ಅನ್ನುವುದು ನಮಗೆ ಹೊಸದೇನಲ್ಲ. ಕಡು ಬಡವ ಅಂತೇವೆ, ಕಡು ಶ್ರೀಮಂತ ಅನ್ನುವುದಿಲ್ಲ. ಆಗರ್ಭ ಶ್ರೀಮಂತ ಅಂತೇವೆ, ಆಗರ್ಭ ಬಡವ ಅನ್ನುವುದಿಲ್ಲ. ಇದನ್ನು ಯಾರೂ ನಮಗೆ ಪಾಠ ಮಾಡಿರಲಿಲ್ಲ, ಕೇಳಿ ಕೇಳಿ ಬಂತು. ಇಂಗ್ಲಿಷಿನಲ್ಲೂ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಕನ್ನಡದವರನ್ನು ಜಾಸ್ತಿ ಸತಾಯಿಸುವುದು ನಮ್ಮ 'ಮಾಡು'. ನಿರ್ಧಾರ ಮಾಡು, ತಪ್ಪು ಮಾಡು, ಸಂಶೋಧನೆ ಮಾಡು, ಅಪರಾಧ ಮಾಡು, ಎಲ್ಲಕ್ಕೂ ಒಂದೇ ಮಾತು ಸಾಕು. ಇಂಗ್ಲಿಷಿನಲ್ಲಿ ಡಿಸಿಷನ್‌ಗೆ, ಮಿಸ್ಟೇಕ್‌ಗೆ 'ಮೇಕ್', ರಿಸರ್ಚ್‌ಗೆ 'ಡು', ಕ್ರೈಮ್‌ಗೆ 'ಕಮಿಟ್'. 'ಬಗ್ಗೆ ಚರ್ಚಿಸು' ಅಂದುಕೊಂಡೇ 'ಡಿಸ್ಕಸ್ ಅಬೌಟ್' ಬರೆಯುತ್ತೇವೆ, ಅಲ್ಲಿ 'ಅಬೌಟ್' ಬರಲೇಬಾರದು. ರೈಟಿಂಗ್, ಸ್ಪೀಕಿಂಗ್ ಎರಡರಲ್ಲೂ ಕಾಲು ಭಾಗ ಅಂಕ ಪದಬಳಕೆಗೆ. ಅಲ್ಲಿ ಪರೀಕ್ಷಕರು ಅಪರೂಪದ ಪದವಷ್ಟೇ ಅಲ್ಲ, ಈ ಜೋಡಿಯನ್ನೂ ನೋಡುತ್ತಾರೆ.

ಮೊದಲ ಫಲಿತಾಂಶ ಬಂದ ದಿನವೇ ಆ ಡೆಕ್ ಅಳಿಸಿದೆ. ಆಮೇಲೆ ನಾನು ಓದಿದ ವಾಕ್ಯ ಮಾತ್ರ ಕಾರ್ಡಿಗೆ ಹೋಗಬೇಕು ಅಂತ ನಿಯಮ ಇಟ್ಟುಕೊಂಡೆ. ಆಂಕಿಯಲ್ಲಿ ಕ್ಲೋಜ್ ಎಂಬ ಬಗೆ ಇದೆ. ಪೂರ್ತಿ ವಾಕ್ಯ ಹಾಕಿ ಒಂದು ಪದ ಮಾತ್ರ ಮುಚ್ಚಿಡಬಹುದು, ಶಾಲೆಯ 'ಬಿಟ್ಟ ಸ್ಥಳ ತುಂಬಿ' ಇದ್ದ ಹಾಗೆ. ನಾನು ಕಷ್ಟದ ಪದ ಮುಚ್ಚುವ ಬದಲು ಅದರ ಜೊತೆಗಾರನನ್ನು ಮುಚ್ಚುತ್ತಿದ್ದೆ. ಒಂದು ಕಾರ್ಡು ಮಾಡಲು ಎರಡು ನಿಮಿಷ ಬೇಕು. ಆ ಎರಡು ನಿಮಿಷದಲ್ಲೇ ಅರ್ಧ ಕಲಿತಾಗಿರುತ್ತದೆ.

ಯಾವ ಪದ ಕಲಿಯಬೇಕು ಅನ್ನುವುದಕ್ಕೆ ಅಕಾಡೆಮಿಕ್ ವರ್ಡ್ ಲಿಸ್ಟ್ ನೋಡಿಕೊಂಡೆ. ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿ ಅದು, 570 ಪದಕುಟುಂಬಗಳಿವೆ, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು. ಓದುವಾಗ ಅದರಲ್ಲಿನ ಪದ ಸಿಕ್ಕರೆ ಕಾರ್ಡು ಮಾಡುತ್ತಿದ್ದೆ, ಸುಮ್ನೆ ಪಟ್ಟಿಯಿಂದ ಎತ್ತಿ ಹಾಕಲಿಲ್ಲ.

ಲಿಸನಿಂಗ್‌ಗೆ ಉತ್ತರ ಟೈಪ್ ಮಾಡುವ ಕಾರ್ಡು ಬಹಳ ಉಪಯೋಗಕ್ಕೆ ಬಂತು. ಅಲ್ಲಿ ಸ್ಪೆಲಿಂಗ್ ತಪ್ಪಿದರೆ ಅಂಕ ಹೋಗುತ್ತದೆ. 'ಅಕಾಮೊಡೇಷನ್'ನಲ್ಲಿ ಎರಡು ಸಿ, ಎರಡು ಎಂ ಅಂತ ಕಣ್ಣಿಗೆ ಗೊತ್ತಿದ್ದರೂ ಕೈಗೆ ಗೊತ್ತಿರಲಿಲ್ಲ. ಟೈಪ್ ಮಾಡಿದಾಗ ತಪ್ಪಿದ ಅಕ್ಷರಕ್ಕೆ ಬೇರೆ ಬಣ್ಣ ಬರುತ್ತದೆ.

ಇನ್ನೊಂದು ಮೆಚ್ಚುಗೆ ಲೀಚ್ ಬಗ್ಗೆ. ಒಂದು ಕಾರ್ಡು ಎಂಟು ಸಲ ತಪ್ಪಿದರೆ ಆ್ಯಪ್ ಅದಕ್ಕೆ ಲೀಚ್ ಅಂತ ಗುರುತು ಹಾಕುತ್ತದೆ. ಮೊದಲು ಬೇಜಾರಾಗುತ್ತಿತ್ತು. ಆಮೇಲೆ ತಿಳಿಯಿತು, ಅಂಥ ಕಾರ್ಡುಗಳಲ್ಲಿ ವಾಕ್ಯವೇ ಸರಿ ಇರುತ್ತಿರಲಿಲ್ಲ. ಹೊಸ ವಾಕ್ಯ ಹಾಕಿದರೆ ಪದ ನಿಲ್ಲುತ್ತಿತ್ತು.

ಸ್ಪೀಕಿಂಗ್‌ಗೆ ಮಾತ್ರ ಆಂಕಿ ಒಂದೇ ಸಾಲದು. ಕಾರ್ಡು ನೋಡಿದಾಗ ನೆನಪಾಗುವ ಪದ ಬಾಯಿಗೆ ಬರುವುದಿಲ್ಲ. ಎರಡನೇ ಭಾಗದಲ್ಲಿ ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕಲ್ಲ, ಅದಕ್ಕೆ ಅಂದು ಬಂದ ಕಾರ್ಡುಗಳಿಂದ ಮೂರು ಪದ ಆರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮಾತಾಡುತ್ತಿದ್ದೆ. ಈ ಕೆಲಸವನ್ನು ಯಾವ ಆ್ಯಪ್ ಕೂಡ ನಿಮ್ಮ ಬದಲು ಮಾಡುವುದಿಲ್ಲ.

ಪರೀಕ್ಷೆ ಮುಗಿದರೂ ಡೆಕ್ ಹಾಗೇ ಇಟ್ಟುಕೊಂಡಿದ್ದೇನೆ. ಈಗ 640 ಕಾರ್ಡುಗಳಿವೆ, ದಿನಕ್ಕೆ ಐದಾರು ನಿಮಿಷ ಸಾಕಾಗುತ್ತದೆ. ನಿನ್ನೆ 'ಕಮಿಟ್ ಎ ಕ್ರೈಮ್' ಕಾರ್ಡು ಬಂತು. ಗುಡ್ ಬಟನ್ ಮೇಲೆ ಮುಂದಿನ ಸರದಿ 11 ತಿಂಗಳು ಬಿಟ್ಟು ಅಂತ ತೋರಿಸುತ್ತಿತ್ತು.